ಮಂಗಳ ಹಾಡದೆ ಎದ್ದ ಮೇಳ

ಶಹಾಬಾದದ ಕಲ್ಲಿನ ಖಣಿಗಳಲ್ಲಿ ನೀನು ಯಾವ ಪಕ್ಷದವನೆಂದು ಆಗ ಯಾರೂ ಕೇಳುತ್ತಿರಲಿಲ್ಲ. ಯಾರ ಖಣಿಯಲ್ಲಿ ಕಲ್ಲು ಒಡೆಯುತ್ತೀ ಎಂದು ಕೇಳುತ್ತಿದ್ದರು. ವೋಟು ಎತ್ತ ಬೀಳುತ್ತದೆ ಎನ್ನುವುದು ಅಷ್ಟರಲ್ಲೇ ತಿಳಿದುಹೋಗುತ್ತಿತ್ತು. ಗೊಲ್ಲಾಳಪ್ಪ, ಶೌಕತ ಅಲಿ ಸಾಹುಕಾರರ ಖಣಿಯವನು. ಹಾಗಾಗಿ ತಾಲೂಕು ಬೋರ್ಡಿನ ಚುನಾವಣೆಗೆ ಸಾಹುಕಾರರು ನಿಂತಾಗ ಅವನು ಅವರ ತಕ್ಕಡಿ ಗುರುತಿನವನಾದ. ಅವನ ಜೀವದ ಗೆಳೆಯ ಅಬ್ದುಲ್ ಮಜೀದ, ಹಣಮಂತರಾಯ ಗೌಡರ ಅಂಗಳದಲ್ಲಿ ಫರಸಿ ಕಲ್ಲಿಗೆ ಪಾಲಿಶ್ ಹಾಕುವವನು. ಹಾಗಾಗಿ ಅವನು ಗೌಡರ ಏಣಿ ಗುರುತಿನವನಾದ. ಇಬ್ಬರೂ ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರಿದ್ದ ದಿನಗಳು; ಬೋರ್ಡು ಎಂದರೇನು, ಅದರಿಂದ ಯಾರಿಗೇನು ಸಿಗುತ್ತದೆ ಎಂಬುದು ಖಣಿಯ ತಳದಲ್ಲಿ ಕೂತು ಸುತ್ತಿಗೆ ಎತ್ತುವವರಿಗೆ ಅಷ್ಟಕ್ಕಷ್ಟೇ.

ಆದರೆ ಇಬ್ಬರೂ ಗೀಗೀ ಪದದವರು. ತೊಡಕು ಬಂದದ್ದು ಅಲ್ಲಿಂದ. ಗೀಗೀ ಪದದಲ್ಲಿ ಎರಡು ಪಂಗಡ. ಗಂಡೇ ಹೆಚ್ಚೆಂದು ಹಾಡುವ ಹರದೇಶಿ, ಹೆಣ್ಣೇ ಹೆಚ್ಚೆಂದು ಹಾಡುವ ನಾಗೇಶಿ. ಗೊಲ್ಲಾಳಪ್ಪ ಹರದೇಶಿ, ಮಜೀದ ನಾಗೇಶಿ. ದಪ್ಪು ಬಡಿಯುತ್ತ, ತುಂತುಣಿ ಮೀಟುತ್ತ ಎದುರುಬದುರು ನಿಂತರೆಂದರೆ ಸವಾಲಿನ ಮೇಲೆ ಸವಾಲು. ಮೊದಲು ದೇವರು, ಪುರಾಣ. ಬಿಸಿ ಏರಿದ ಮೇಲೆ ದೇವರು ಹಿಂದೆ ಸರಿದು ಎದುರಿನವನ ಮನೆಮಾರು, ಹೆಂಡತಿ, ಹುಟ್ಟು ಎಲ್ಲವೂ ಪದದೊಳಗೆ ಬರುತ್ತಿದ್ದವು. ಜನ ಸೇರುತ್ತಿದ್ದದ್ದೂ ಇದಕ್ಕೇ, ಪುರಾಣಕ್ಕೆ ಯಾರು ನಿದ್ದೆಗೆಡುತ್ತಾರೆ?

ಇಷ್ಟಾದರೂ ಯಾರ ತಲೆಯೂ ಒಡೆಯದಿದ್ದದ್ದು ಒಂದು ಪದ್ಧತಿಯಿಂದ. ಕೊನೆಗೆ ಎರಡೂ ಮೇಳದವರು ಒಂದೇ ಕಂಬಳಿಯ ಮೇಲೆ ನಿಂತು ಮಂಗಳ ಹಾಡಬೇಕು. ಒಂದು ಸಾಲು ಇವನು ಎತ್ತಿದರೆ ಮುಂದಿನ ಸಾಲು ಅವನು. ಮಂಗಳ ಮುಗಿಯಿತೆಂದರೆ ಅಲ್ಲಿ ಆಡಿದ ಬೈಗುಳವನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಎತ್ತಿದವನನ್ನು ಸೇಡಂದಿಂದ ವಾಡಿಯ ತನಕ ಯಾವ ಊರಿನವರೂ ಮತ್ತೆ ಹಾಡಲು ಕರೆಯುತ್ತಿರಲಿಲ್ಲ. ಒಮ್ಮೆ ಗೊಲ್ಲಾಳಪ್ಪನ ಹೆಂಡತಿ ಭೀಮಬಾಯಿ ಗಂಡನ ಮೇಲೆ ಮುನಿಸಿಕೊಂಡು ತವರುಮನೆ ಆಡಕಿಗೆ ಹೋಗಿ ಸುಗ್ಗಿ ಮುಗಿಯುವ ತನಕ ಬಂದಿರಲಿಲ್ಲ. ಮಜೀದ ಅದನ್ನೇ ಪದ ಕಟ್ಟಿ, ಗೊಲ್ಲಾಳಪ್ಪ ರೊಟ್ಟಿ ಬಡಿಯಲು ಕೂತು ಕೈ ಸುಟ್ಟುಕೊಂಡ ಸಂಭ್ರಮವನ್ನೆಲ್ಲ ಬಣ್ಣಿಸಿ ಹಾಡಿದ. ಮುಂದಿನ ಸಾಲಿನಲ್ಲೇ ಕೂತಿದ್ದ ಭೀಮಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮರುದಿನ ಮಜೀದನ ಮನೆಗೆ ಅವಳೇ ಶೇಂಗಾ ಹೋಳಿಗೆ ಕಳಿಸಿದಳು.

ಮಜೀದನ ಹಿರಿಮಗಳು ಜೈತುನ್ಬೀ. ಗೊಲ್ಲಾಳಪ್ಪನಿಗೆ ಮಕ್ಕಳಿಲ್ಲ, ಆ ಹುಡುಗಿ ಅವನ ಹೆಗಲ ಮೇಲೆ ಕೂತು ಬೆಳೆದವಳು. ಅವಳಿಗೆ ಮೊದಲು ಚಿಂಚೋಳಿಯ ಕಡೆ ಒಂದು ಸಂಬಂಧ ಗೊತ್ತಾಗಿ, ಊರಿಗೆ ತಿಳಿಸುವ ಮೊದಲೇ ಚಿಂಚೋಳಿಗೆ ಸೀರೆ, ಸಕ್ಕರೆ ಒಯ್ದು ಕೊಟ್ಟು ಮಾತು ಗಟ್ಟಿಯಾಗಿತ್ತು. ಆಮೇಲೆ ಆ ಹುಡುಗನ ಮನೆಯವರಿಗೆ ಹೊಲ ಇದ್ದ ಬೀಗರು ಸಿಕ್ಕರು. ಹುಡುಗಿಯಲ್ಲಿ ಕೊರತೆಯಿಲ್ಲ, ನಮಗೇ ಈಗ ಅನುಕೂಲವಿಲ್ಲ ಎಂದು ನಯವಾಗಿ ಹೇಳಿ ಸೀರೆ, ಸಕ್ಕರೆ ತಿರುಗಿ ಕೊಟ್ಟರು. ಅದನ್ನು ತರಲು ಮಜೀದನ ಜೊತೆ ಹೋದವನು ಗೊಲ್ಲಾಳಪ್ಪನೊಬ್ಬನೇ. ಚಿಂಚೋಳಿಯ ಬಸ್‌ಸ್ಟ್ಯಾಂಡಿನಲ್ಲಿ ಮಜೀದ ಅವನ ಕೈ ಹಿಡಿದುಕೊಂಡು, "ಗೊಲ್ಲಾಳಾ, ಇದು ನಿನ್ನ ಹೊಟ್ಟ್ಯಾಗ ಇರಲಿ. ಹುಡುಗಿ ಹೆಸರಿನ ಸವಾಲ್ ಅದ," ಎಂದಿದ್ದ. ಗೊಲ್ಲಾಳಪ್ಪ ಭೀಮಬಾಯಿಗೂ ಬಾಯಿ ಬಿಟ್ಟಿರಲಿಲ್ಲ. ಈಗ ವಾಡಿಯ ಅಬ್ದುಲ್ ಸಲಾಂ ಎಂಬವರ ಮಗನಿಗೆ ಜೈತುನ್ಬೀಯನ್ನು ಕೊಡುವುದೆಂದು ಆಗಿತ್ತು. ಹುಡುಗ ರೈಲ್ವೆ ಶೆಡ್ಡಿನಲ್ಲಿ ನೌಕರಿ. ಅವರಿಗೆ ಚಿಂಚೋಳಿಯ ಸಂಗತಿ ಗೊತ್ತಿರಲಿಲ್ಲ. ಎಲೆಕ್ಷನ್ ಗದ್ದಲ ಮುಗಿದ ಮೇಲೆ ನಿಕಾಹ್ ಎಂದು ಮಾತಾಗಿತ್ತು.

ಶೌಕತ ಅಲಿಯವರ ಪ್ರಚಾರವನ್ನೆಲ್ಲ ಹೊತ್ತವನು ಸರ್ದಾರ, ಖಣಿಯ ಮುನಶಿ. ಅವನಿಗೆ ಎರಡು ವಾರದಲ್ಲೇ ಒಂದು ಮಾತು ಮನದಟ್ಟಾಗಿತ್ತು: ಭಾಷಣ ಕೇಳಲು ಜನ ಬರುವುದಿಲ್ಲ. ಒಂದು ದಿನ ಜೀಪು ತಂದು ಗೊಲ್ಲಾಳಪ್ಪನ ಗುಡಿಸಲ ಮುಂದೆ ನಿಲ್ಲಿಸಿ, ಅದರ ಮೇಲಿನ ಮೈಕು ಬಿಚ್ಚಿ ಅವನ ಕೈಗೆ ಕೊಟ್ಟ.

"ಇದರಾಗ ಒಂದ್ ಪದ ಅನ್ನು ನೋಡೂಣು," ಎಂದ.

ಗೊಲ್ಲಾಳಪ್ಪ ಅದನ್ನು ಬಾಯಿ ಹತ್ತಿರ ಹಿಡಿದು ಒಂದು ನುಡಿ ಹಾಡಿದ. ಅವನ ದನಿ ಓಣಿ ದಾಟಿ, ಖಣಿ ದಾಟಿ, ಸಿಮೆಂಟು ಕಾರ್ಖಾನೆಯ ಗೋಡೆಗೆ ಬಡಿದು ಅವನ ಕಿವಿಗೇ ವಾಪಸು ಬಂತು. ಜೀವಮಾನವಿಡೀ ಗಂಟಲು ಹರಿದುಕೊಂಡರೂ ನಾಲ್ಕನೆಯ ಸಾಲಿನವರಿಗೆ ಕೇಳದ ದನಿ ಅದು. ಸತ್ಯ ಹೇಳಬೇಕೆಂದರೆ ಗೊಲ್ಲಾಳಪ್ಪ ಬಿದ್ದದ್ದು ಅಲ್ಲಿಯೇ. ಸರ್ದಾರ ಪಗಾರದ ಮಾತು ಎತ್ತಲಿಲ್ಲ, ಇವನೂ ಕೇಳಲಿಲ್ಲ.

"ಆ ಕಡಿ ಮಜೀದ ಹಾಡಲಿಕತ್ತಾನ್ರಿ. ಇಬ್ಬರೂ ಎದುರಾಬದುರಾ ನಿಂತ್ರ ಹ್ಯಾಂಗ?" ಎಂದು ಇವನೇ ಕೇಳಿದ. ಸರ್ದಾರನ ಕಣ್ಣು ಅರಳಿತು.

ಹೀಗಾಗಿ ಸಂತೆಯ ದಿನ ಮಧ್ಯಾಹ್ನ ಎರಡು ಲಾರಿಗಳು ಎದುರುಬದುರು ನಿಂತವು. ಒಂದರ ಮೇಲೆ ತಕ್ಕಡಿಯ ಪಟ, ಇನ್ನೊಂದರ ಮೇಲೆ ಏಣಿಯ ಪಟ. ಜನ ಬದನೆಕಾಯಿ, ಮೆಣಸಿನಕಾಯಿ ಬಿಟ್ಟು ಓಡಿ ಬಂದರು. ಮಜೀದ ಆ ಲಾರಿಯಿಂದಲೇ ಗೊಲ್ಲಾಳಪ್ಪನಿಗೆ ಕೈ ಎತ್ತಿ, "ಗಂಟಲಿಗೆ ಏನರ ಹಾಕ್ಕೊಂಡ್ಯೇನೋ, ಇಲ್ಲ ಖಾಲಿ ಮೈಕ್ ನಂಬಿ ಬಂದಿಯೋ?" ಎಂದು ಛೇಡಿಸಿದ. ಗೊಲ್ಲಾಳಪ್ಪನೂ ನಕ್ಕ. ಅವರಿಬ್ಬರ ನಡುವೆ ಅದು ಕೊನೆಯ ನಗು.

ಮೊದಮೊದಲು ಇಬ್ಬರೂ ಸಮಸಮ. ಹಣಮಂತರಾಯ ಗೌಡರು ಏಣಿ ಹತ್ತಿ ಯಾವ ಯಾವ ಪಕ್ಷದ ಮಾಳಿಗೆ ಹಾರಿದರೆಂದು ಗೊಲ್ಲಾಳಪ್ಪ ಹಾಡಿದ, ಜನ ನಕ್ಕರು. ಆಗ ಮಜೀದ ದಪ್ಪಿನ ಮೇಲೆ ಬೆರಳು ಆಡಿಸಿ, ದನಿ ಇಳಿಸಿ ಎತ್ತಿಕೊಂಡ:

ತಕ್ಕಡಿ ಹಿಡಿದವ ಖಣಿಗೆ ಬಂದರ ಕಲ್ಲಿಗೂ ಕಣ್ಣೀರ
ಹತ್ತು ಫರಸಿ ಒಡೆದ ಕೈಗೆ ಎಂಟರ ಪಗಾರ
ಎಡಗಡಿ ತಟ್ಟಿ ಮ್ಯಾಲ ಅವನ ಹೆಬ್ಬಟ್ಟ ಕುಂತಾದ
ತೂಕ ತಪ್ಪಿದ ಸಾಹುಕಾರಗ ವೋಟು ಯಾಂವ ಕೊಟ್ಟಾನ

ಸಂತೆಗೆ ಸಂತೆಯೇ ಹೋ ಎಂದಿತು. ಅಲ್ಲಿ ನೆರೆದವರಲ್ಲಿ ಅರ್ಧಕ್ಕರ್ಧ ಖಣಿಯವರು; ಕಲ್ಲು ಅಳೆಯುವಾಗ ಸರ್ದಾರನ ಅಳತೆಗೋಲು ಹೇಗೆ ಉದ್ದವಾಗುತ್ತದೆ ಎಂಬುದನ್ನು ಮೈಮೇಲೆ ಅನುಭವಿಸಿದವರು. ಗೊಲ್ಲಾಳಪ್ಪನೂ ಅವರಲ್ಲೊಬ್ಬ. ಮಜೀದನ ಪದ ಅಕ್ಷರ ಅಕ್ಷರವೂ ನಿಜ, ಅದೂ ಇವನೇ ಯಾವತ್ತೋ ಹೊಟ್ಟೆಯುರಿಗೆ ಅವನ ಮುಂದೆ ಹೇಳಿಕೊಂಡದ್ದು. ಇವನಿಗೆ ನಗು ಬಂತು, ನಗುವಂತಿರಲಿಲ್ಲ. ನಿಜಕ್ಕೆ ಏನೆಂದು ಜವಾಬು ಕೊಡುವುದು? ಸರ್ದಾರ ಹಿಂದಿನಿಂದ ಬೆನ್ನಿಗೆ ತಿವಿದು, "ಹೇಳಲೇ, ಸಾಹುಕಾರ್ರ ಇಲ್ಲೇ ಕುಂತಾರ," ಎಂದ. ಎದುರಿನ ಲಾರಿಯವರು, "ಹರದೇಶಿ ಮುದುಕನ ಬಾಯಿಗೆ ಬೀಗ ಬಿತ್ತು," ಎಂದು ಕೂಗಿದರು. ಜವಾಬು ಕೊಡದೆ ನಿಂತ ಹಾಡುಗಾರನ ಪಾಡು ಹಾಡಿದವರಿಗೇ ಗೊತ್ತು. ಗೊಲ್ಲಾಳಪ್ಪನ ಕಿವಿ ಕಾದವು, ಬಾಯಿ ತಾನಾಗಿ ತೆರೆಯಿತು:

ಚಿಂಚೋಳಿಗೆ ಹೋದ ಸಕ್ಕರಿ ಪೊಟ್ಟಣ ತಿರುಗಿ ಮನಿಗೆ ಬಂತ
ವಾಡಿಯವರಿಗೆ ಹೊಸಾದು ಅಂತ ಅದನ್ನೇ ಕೊಟ್ಟಾರಂತ
ಒಬ್ಬರು ಒಲ್ಲದ ಮಾಲ ನೋಡ್ರೋ ಏಣಿ ಪಾರ್ಟಿಯಾಗ
ಮಗಳ ಸುದ್ದಿ ಮುಚ್ಚಿದ ಮಜೀದ ಖರೇ ಹೇಳ್ಯಾನ ಯಾವಾಗ

ಪದ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಪ್ರಾಸ ಕೂಡಿತ್ತು, ಧಾಟಿ ಒಮ್ಮೆ ಕೇಳಿದರೆ ಸಾಕು ನಾಲಿಗೆಗೆ ಅಂಟುವಂಥದ್ದು. ಮಜೀದ ಕೊಟ್ಟ ಪೆಟ್ಟನ್ನು ಅದು ಒಂದೇ ಸಲಕ್ಕೆ ಮರೆಸಿಬಿಟ್ಟಿತು. ಜನ ಈಗ ಸಾಹುಕಾರರ ತೂಕ ಬಿಟ್ಟು, ಯಾರ ಸಕ್ಕರೆ, ಯಾವ ಮಗಳು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು.

ಗೊಲ್ಲಾಳಪ್ಪನಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಮೇಳದಲ್ಲಿ ಇಂಥದ್ದು ಎಷ್ಟು ಆಗಿಲ್ಲ? ಮಂಗಳ ಹಾಡಿದರೆ ಮುಗಿಯಿತು. ಅವನು ಹಾಗೆಂದುಕೊಂಡೇ ಹಾಡಿದ್ದು. ತಕ್ಷಣ ತುಂತುಣಿ ಕೆಳಗಿಟ್ಟು, ಕಂಬಳಿ ಹಾಸಿರೆಂದು ಕೈ ಮಾಡಿ ಲಾರಿ ಇಳಿಯಲು ಹೊರಟ. ಎದುರಿಗೆ ಮಜೀದ ಆಗಲೇ ಇಳಿದು ಎರಡು ಲಾರಿಗಳ ನಡುವೆ ಬಂದು ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಬಂದು ನಿಂತಿದ್ದ, ಮಂಗಳಕ್ಕಾಗಿ.

ಸರ್ದಾರ ಗೊಲ್ಲಾಳಪ್ಪನ ರಟ್ಟೆ ಹಿಡಿದ. "ಎಲ್ಲಿಗೆ? ಏಣಿಯವನ ಜೋಡಿ ನಿಂತು ಆರತಿ ಮಾಡ್ತಿಯೇನು?"

"ಮಂಗಳ ಹಾಡಬೇಕ್ರಿ. ಹಾಡಲಿಲ್ಲಂದ್ರ ಮಾತು ಹಂಗೇ ಉಳೀತದ."

"ಉಳೀಲಿ ಅಂತ್ಲೇ ಹಾಡಿಸೀನಿ ಮಾರಾಯ. ಈಗ ಹೋಗಿ ಅವನ ಕೈ ಹಿಡದ್ರ ಮಂದಿ ಇಬ್ಬರೂ ಒಂದೇ ಅಂತಾರ. ನಾಳಿ ಹಾಡ್ಕೋರಿ, ಮನ್ಯಾಗ."

ಅಷ್ಟರಲ್ಲಿ ಘೋಷಣೆ ಶುರುವಾಯಿತು. ಯಾರೋ ಗೊಲ್ಲಾಳಪ್ಪನ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದರು. ನಾಲ್ಕು ಜನ ಹೆಗಲ ಮೇಲೆ ಎತ್ತಿದರು. ಶೌಕತ ಅಲಿ ಸಾಹುಕಾರರು ಕುರ್ಚಿಯಿಂದ ಎದ್ದು ಅವನ ಕೈ ಕುಲುಕಿದರು; ಖಣಿಯಲ್ಲಿ ಅವರು ಅವನ ಹೆಸರು ಕೂಡ ಕೇಳಿದವರಲ್ಲ. ಹಾರಿ ಇಳಿಯಬಹುದಾಗಿತ್ತು. ಕಟ್ಟಿಹಾಕಿದವರು ಯಾರೂ ಇರಲಿಲ್ಲ. ಅವನು ಇಳಿಯಲಿಲ್ಲ, ಏಕೆಂದರೆ ಅವನಿಗೆ ಅದು ಹಿತವಾಗಿತ್ತು. ಎತ್ತರದಿಂದ ನೋಡಿದಾಗ ಮಜೀದ ಇನ್ನೂ ಅಲ್ಲೇ ನಿಂತಿದ್ದ. ಆಮೇಲೆ ಗೌಡರ ಕಡೆಯವರು ಬಂದು ಅವನನ್ನೂ ಎಳೆದುಕೊಂಡು ಹೋದರು.

ಮನೆಗೆ ಬಂದಾಗ ಭೀಮಬಾಯಿ ಹೊಸ್ತಿಲಲ್ಲಿ ಕೂತಿದ್ದಳು. ಸುದ್ದಿ ಇವನಿಗಿಂತ ಮೊದಲೇ ಬಂದು ಮುಟ್ಟಿತ್ತು.

"ಖರೇ ಏನು, ಚಿಂಚೋಳಿದು?"

"ಖರೇ."

"ಮಂಗಳ ಹಾಡಿದ್ರಿಲ್ಲ?"

ಗೊಲ್ಲಾಳಪ್ಪ ಮಾಲೆ ತೆಗೆದು ಗೂಟಕ್ಕೆ ಹಾಕಿದ. "ನಾಳಿ ಹಾಡ್ತೀವಿ."

"ನಾಳಿ," ಎಂದಳು ಭೀಮಬಾಯಿ. "ನನ್ನ ಮ್ಯಾಲ ಪದ ಕಟ್ಟಿದ್ರ ನಾ ನಕ್ಕೀನಿ. ಯಾಕಂದ್ರ ನಾ ತಿರುಗಿ ಬಂದಾಕಿ, ನನ್ನ ಗಂಡ ನನ್ನ ಬಾಜೂಕ ಇದ್ದ. ಆ ಕೂಸಿಗೆ ಯಾರದಾರ?"

ಮರುದಿನ ಗೊಲ್ಲಾಳಪ್ಪ ಎದ್ದು ಮುಖ ತೊಳೆಯುವುದರೊಳಗೆ ಓಣಿಯಲ್ಲಿ ಜೀಪು ಬಂತು. ಮೇಲೆ ಮೈಕು, ಮೈಕಿನಲ್ಲಿ ಅವನದೇ ಪದ. ಅವನು ಹಾಡುತ್ತಿರಲಿಲ್ಲ, ಸರ್ದಾರ ನಾಲ್ಕು ಪಡ್ಡೆ ಹುಡುಗರಿಗೆ ಅದನ್ನು ಬಾಯಿಪಾಠ ಮಾಡಿಸಿದ್ದ. ಸಂಜೆಯ ಹೊತ್ತಿಗೆ ಅದು ಕೆಂಪು ಕಾಗದದಲ್ಲಿ ಅಚ್ಚಾಗಿ ಚಹದ ಅಂಗಡಿಗಳಲ್ಲಿ ಹಾರಾಡಿತು. ಕೆಳಗೆ ತಕ್ಕಡಿಯ ಚಿತ್ರ, ಅದರ ಕೆಳಗೆ ನಿಮ್ಮ ಅಮೂಲ್ಯ ಮತ ಎಂಬ ಬಿನ್ನಹ.

ಗೊಲ್ಲಾಳಪ್ಪ ಖಣಿಯ ಆಫೀಸಿಗೆ ಓಡಿದ. "ಪದ ನಿಲ್ಲಿಸ್ರಿ ಸರ್ದಾರ ಸಾಹೇಬ್ರ. ಅದು ಮೇಳದ ಪದ. ಹೊರಗ ಹಾಡೂದಲ್ಲ."

"ಅದೀಗ ನಿಂದಲ್ಲಪಾ," ಎಂದ ಸರ್ದಾರ, ತಲೆಯೆತ್ತದೆ. "ಪಾರ್ಟೀದು."

"ಹುಡುಗೀದು ಲಗ್ನ ಅದರಿ."

"ಎಲೆಕ್ಷನ್ ಮುಗೀಲಿ, ಸಾಹುಕಾರ್ರೇ ಮುಂದ ನಿಂತು ಮಾಡಿಸ್ತಾರ. ಹೋಗು."

ಒಳಗೆ ಸಾಹುಕಾರರು ಕೂತಿದ್ದರು, ಮಾತು ಅವರಿಗೆ ಕೇಳಿಸಿತ್ತು. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು, ಅಷ್ಟೇ.

ಜೀಪು ಸುತ್ತದ ಹಳ್ಳಿಯಿಲ್ಲ. ವಾಡಿಯ ಸ್ಟೇಶನ್ ಮುಂದೆ ಅದು ಅರ್ಧ ದಿನ ನಿಂತಿತ್ತಂತೆ. ಅಬ್ದುಲ್ ಸಲಾಂ ನಮಾಜು ಮುಗಿಸಿ ಹೊರಬರುವಾಗ ಮಕ್ಕಳು ಜೀಪಿನ ಹಿಂದೆ ಓಡುತ್ತ ‘ವಾಡಿಯವರಿಗೆ ಹೊಸಾದು ಅಂತ’ ಎಂದು ಹಾಡಿ ಕುಣಿಯುತ್ತಿದ್ದರು. ಅವರು ಕೆಟ್ಟವರಲ್ಲ. ಹುಡುಗಿಯ ತಪ್ಪೇನೂ ಇಲ್ಲವೆಂದು ಅವರಿಗೂ ತಿಳಿದಿತ್ತು. ಆದರೆ ಮುಚ್ಚಿಟ್ಟರಲ್ಲ ಎಂಬ ನೋವು ಒಂದು ಕಡೆ, ಸೊಸೆ ಹೊಸ್ತಿಲು ದಾಟುವಾಗ ಓಣಿಯ ಹುಡುಗರು ಇದನ್ನೇ ಹಾಡುತ್ತಾರಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಆ ವಾರವೇ ಇಬ್ಬರು ಹಿರಿಯರು ವಾಡಿಯಿಂದ ಬಂದು ಮಜೀದನ ಅಂಗಳದಲ್ಲಿ ಚಹ ಕೂಡ ಕುಡಿಯದೆ, ಸೀರೆ, ಸಕ್ಕರೆಯ ಗಂಟು ತಿರುಗಿ ಇಟ್ಟು ಹೋದರು.

ಗೊಲ್ಲಾಳಪ್ಪ ಅವತ್ತಿನಿಂದ ಮಜೀದನ ಓಣಿಯ ಬಾಯಿ ತನಕ ಹೋಗುವುದು, ವಾಪಸು ಬರುವುದು ಮಾಡಿದ. ಕಾಲು ಮುಂದೆ ಬರಲಿಲ್ಲ. ಭೀಮಬಾಯಿ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ.

ಶೌಕತ ಅಲಿ ಸಾಹುಕಾರರು ಗೆದ್ದರು. ಮೆರವಣಿಗೆ ಆಯಿತು. ಮೆರವಣಿಗೆಯಲ್ಲೂ ಅದೇ ಪದ. ಜೈತುನ್ಬೀಯ ಲಗ್ನ ಮುಂದೆ ನಿಂತು ಮಾಡಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಗೊಲ್ಲಾಳಪ್ಪ ಎತ್ತಿದಾಗ ಸರ್ದಾರ, ಯಾವ ಹುಡುಗಿ ಎಂದು ಕೇಳಿದ.

ಮಳೆಗಾಲ ಮುಗಿಯುವುದರೊಳಗೆ ಇನ್ನೊಂದು ಸುದ್ದಿ ಹುಟ್ಟಿತು. ಸಾಹುಕಾರರೂ ಗೌಡರೂ ಪಾಲುದಾರಿಕೆಯಲ್ಲಿ ಪಾಲಿಶ್ ಮಶೀನು ತರಿಸಿದ್ದಾರೆ, ಇಬ್ಬರ ಹೆಸರಿನ ಬೋರ್ಡು ಹಾಕಿ ಹೊಸ ಅಂಗಳ ತೆರೆಯುತ್ತಾರೆ. ಜನ ನಂಬಲಿಲ್ಲ. ಬೋರ್ಡು ಬಂದು ನಿಂತಾಗ ನಂಬಿದರು. ಲಾರಿಯ ಮೇಲೆ ಹಾಡುಗಾರರನ್ನು ನಿಲ್ಲಿಸಿ ಒಬ್ಬರ ಮಾನ ಒಬ್ಬರು ಹರಾಜು ಹಾಕಿಸಿದವರು ಮಂಗಳ ಹಾಡದೆಯೇ ಎಲ್ಲ ಮರೆತುಬಿಟ್ಟಿದ್ದರು. ದೊಡ್ಡವರಿಗೆ ಮಂಗಳದ ಗೊಡವೆಯೇ ಬೇಕಾಗುವುದಿಲ್ಲ ಎಂದು ತಿಳಿದಾಗ ಗೊಲ್ಲಾಳಪ್ಪನಿಗೆ ಬಂದ ಸಿಟ್ಟು ಹೇಳತೀರದು. ಆ ಸಿಟ್ಟನ್ನು ಇಟ್ಟುಕೊಂಡು ಅವನು ಮಾಡುವುದಾದರೂ ಏನಿತ್ತು? ಬೆಳಗಾದರೆ ಅದೇ ಖಣಿ, ಅದೇ ಅಳತೆಗೋಲು.

ಉದ್ಘಾಟನೆಯ ದಿನ ಸರ್ದಾರ ಅವನನ್ನು ಕರೆಸಿದ. "ಸಾಹುಕಾರ್ರು, ಗೌಡ್ರು ಇಬ್ಬರೂ ಕೂಡಿ ಊಟಕ್ಕ ಕುಂದ್ರಲಿಕತ್ತಾರ. ನಿಮ್ಮಿಬ್ಬರದು ಸವಾಲ್ ಜವಾಬ್ ಆಗಲಿ ಅಂತ ಇಬ್ಬರದೂ ಆಶಾ. ಅವತ್ತಿನಂಥಾದ್ದೇ ಹಾಡ್ರಿ, ಭಾಳ ಮಜಾ ಇತ್ತು. ಮಜೀದಗ ಕರ್ಕೊಂಡು ಬಾ."

ಗೊಲ್ಲಾಳಪ್ಪ ಹೋದ. ಮಜಾ ಎಂದವನ ಮುಖಕ್ಕೆ ಉಗುಳಬೇಕೆನಿಸಿದರೂ ಹೋದ, ಏಕೆಂದರೆ ಓಣಿಯ ಬಾಯಿ ದಾಟಲು ಅವನಿಗೊಂದು ನೆಪ ಬೇಕಾಗಿತ್ತು. ಹೇಗಾದರೂ ಮಾಡಿ ಮಂಗಳವೊಂದು ಆಗಿಬಿಟ್ಟರೆ ಸಾಕು ಎಂಬ ಆಸೆ ಅವನಲ್ಲಿ ಇನ್ನೂ ಇತ್ತು.

ಮಜೀದ ಮನೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಇವನನ್ನು ನೋಡಿ ಏಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ಗೊಲ್ಲಾಳಪ್ಪ ಸಾಹುಕಾರರ ಮಾತು ಎತ್ತಲೇ ಇಲ್ಲ. ನಿಂತಲ್ಲೇ ಹೇಳಿದ:

"ಮಜೀದಾ, ಮಂಗಳ ಉಳದದ. ಇಲ್ಲೇ ಹಾಡೂಣು. ನಾ ಎತ್ತತೀನಿ, ನೀ ಎರಡನೇ ಸಾಲು ಒಂದ್ ಅಂದುಬಿಡು. ಬೇಕಾದ್ರ ನಿನ್ನ ಕಾಲ ಮ್ಯಾಲ ಬೀಳ್ತೀನಿ."

"ನಾ ಅವತ್ತು ನಿಂತಿದ್ನಲ್ಲ ಗೊಲ್ಲಾಳಾ. ನೀ ಇಳೀಲಿಲ್ಲ."

"ತಪ್ಪಾಯ್ತು."

"ಈಗ ಹಾಡಿದ್ರ ನಂದೂ ನಿಂದೂ ಮುಗೀತದ. ಹಾಡಬಹುದು, ನನಗೇನು. ಆದ್ರ ಜೈತುನ್ ಮೇಳದಾಗ ಇರಲಿಲ್ಲ. ಆಕಿದು ಯಾರ ಹಾಡಿ ಮುಗಸಬೇಕು?"

ಗೊಲ್ಲಾಳಪ್ಪನಿಗೆ ಅಳು ಬಂತು. ಆಗ ಒಳಗಿನಿಂದ ಜೈತುನ್ಬೀ ಬಂದಳು. ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟು, ಎಂದಿನಂತೆ, "ಕುಂದ್ರಿ ಕಾಕಾ," ಎಂದಳು. ತೆಳ್ಳಗಾಗಿದ್ದಳು. ಗೊಲ್ಲಾಳಪ್ಪ ಅವಳ ಮುಖ ನೋಡಲಾರದೆ ತಂಬಿಗೆಯನ್ನೇ ನೋಡುತ್ತ ಕೂತ.

"ಅವ್ವಾ, ನನಗ ಬೈಯವ್ವಾ," ಎಂದ. "ಏನರ ಅನ್ನು."

"ಏನನ್ನಲಿ ಕಾಕಾ? ನೀವು ಬೇಕಂತ ಮಾಡಿದ್ದಲ್ಲ, ನನಗ ಗೊತ್ತದ," ಎಂದಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅವನು ಸಿಟ್ಟಿಗೆ ಕಾಯುತ್ತಿದ್ದ. "ಪದ ಮಾತ್ರ ಭಾಳ ಛಲೋ ಕಟ್ಟೀರಿ. ನನಗೂ ಬಾಯಿಪಾಠ ಆಗ್ಯಾದ. ಕಸಾ ಹೊಡಿಯೂ ಮುಂದ, ಹಿಟ್ಟು ನಾದೂ ಮುಂದ ತಾನಾಗೇ ಬರ್ತದ. ಮೊನ್ನಿ ತಮ್ಮಗ ತೊಟ್ಟಿಲದಾಗ ಹಾಕಿ ತೂಗಲಿಕತ್ತಿದ್ದೆ, ಅದೇ ಬಂತು. ಅಬ್ಬಾ ಕೇಳಿ ಎದ್ದು ಹೊರಗ ಹೋದ್ರು."

ಮಜೀದ ನೆಲ ನೋಡಿದ.

"ನನಗ ಒಂದ್ ಬ್ಯಾರೆ ಪದ ಕಟ್ಟಿಕೊಡ್ರಿ ಕಾಕಾ," ಎಂದಳು ಜೈತುನ್ಬೀ. "ಇದಕ್ಕಿಂತ ಛಲೋದು. ಅಂದ್ರ ಇದು ಬಾಯಿಂದ ಹೋಗ್ತದ."

ಕಟ್ಟಿಕೊಡುತ್ತೇನೆಂದು ಗೊಲ್ಲಾಳಪ್ಪ ಮಾತು ಕೊಟ್ಟು ಬಂದ. ಸಾಹುಕಾರರ ಊಟಕ್ಕೆ ಹೋಗಲಿಲ್ಲ. ಖಣಿಯಲ್ಲಿ ಸುತ್ತಿಗೆ ಎತ್ತುವಾಗ, ಬಸ್ಸಿಗೆ ಕಾಯುವಾಗ, ಭೀಮಬಾಯಿಯ ಎದುರು ಉಣ್ಣಲು ಕೂತಾಗ ಅವನು ಪದ ಕಟ್ಟಿದ. ದೇವರ ಮೇಲೆ ಕಟ್ಟಿದ, ಕಲ್ಲಿನ ಮೇಲೆ ಕಟ್ಟಿದ, ಹೆಗಲ ಮೇಲೆ ಕೂತು ಬೆಳೆದ ಕೂಸಿನ ಮೇಲೆ ಕಟ್ಟಿದ. ಮಾತು ಎಷ್ಟು ಬೇಕಾದರೂ ಸಿಗುತ್ತಿದ್ದವು. ದನಿ ಎತ್ತಿದರೆ ಮಾತ್ರ ಪ್ರತಿ ಸಲವೂ ಆ ಸಂತೆಯ ಧಾಟಿಯೇ ಬರುತ್ತಿತ್ತು, ಮತ್ತು ಓಣಿಯ ಮಕ್ಕಳು ಅದನ್ನು ಕೇಳಿದೊಡನೆ ಹಳೆಯ ಮಾತನ್ನೇ ಹಾಕಿ ಹಾಡುತ್ತಿದ್ದರು.